ಕಮಾಡೊ ಗ್ರಿಲ್‌ನ ಗ್ಯಾಸ್ಕೆಟ್ ಬದಲಿಸುವಾಗ

ನಿಮ್ಮ ಕಮಾಡೊ (ಮೊಟ್ಟೆಯಾಕಾರದ, ಇದ್ದಿಲಿನ ಸೆರಾಮಿಕ್ ಒಲೆ) ಗ್ರಿಲ್‌ನ ಮುಚ್ಚಳದ ಸಂದಿಯಿಂದ ಹೊಗೆ ಬರುತ್ತಿದೆಯಾ? ಗ್ರಿಲ್ ತಣ್ಣಗಿದ್ದಾಗ ಸಂದಿಯಲ್ಲಿ ಒಂದು ನೋಟು ಇಟ್ಟು, ಮುಚ್ಚಿ, ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಫೆಲ್ಟ್ ಗ್ಯಾಸ್ಕೆಟ್ (ಸಂದಿ ಮುಚ್ಚುವ ದಪ್ಪ ಬಟ್ಟೆಯಂಥ ಪಟ್ಟಿ) ಸವೆದಿದೆ, ಇಲ್ಲವೇ ಮುಚ್ಚಳ ಸರಿಯಾಗಿ ಕೂತಿಲ್ಲ. ಮೊದಲು ಮುಚ್ಚಳ ಸರಿಮಾಡಿಕೊಳ್ಳಿ. ಅದು ವಾರೆಯಿದ್ದರೆ ಹೊಸ ಗ್ಯಾಸ್ಕೆಟ್ಟೂ ಬೇಗ ಸುಟ್ಟುಹೋಗುತ್ತದೆ.

ಹಳೆಯದನ್ನು ಸ್ಕ್ರೇಪರ್‌ನಿಂದ ಕೆರೆದು ತೆಗೆಯಿರಿ. ಉಳಿದ ಅಂಟನ್ನು ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ. ಹತ್ತಿರ ಬೆಂಕಿ ಇರಲೇಬಾರದು, ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಇಲ್ಲಿ ದಯವಿಟ್ಟು ಆತುರ ಬೇಡ. ಹಳೇ ಅಂಟು ಉಳಿದರೆ ಹೊಸದು ಕಿತ್ತು ಬರುತ್ತದೆ.

ಹೊಸ ಪಟ್ಟಿಯನ್ನು ಹಿಂಜ್ ಕಡೆಯಿಂದ ಶುರುಮಾಡಿ ಒತ್ತುತ್ತಾ ಬನ್ನಿ. ಎಳೆದು ಅಂಟಿಸಬೇಡಿ, ಆಮೇಲೆ ಕುಗ್ಗಿ ಸಂದಿ ಬಿಡುತ್ತದೆ. ಮುಚ್ಚಳ ಹಾಕಿ 24 ಗಂಟೆ ಬಿಡಿ. ಮೊದಲ ಒಂದೆರಡು ಸಲ ಸಣ್ಣ ಉರಿಯೇ ಸಾಕು.