ಕೊನೆಯ ಅಂಕಿ ಸೊನ್ನೆಯಾದ ರಾತ್ರಿ

ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಕೇಬಲ್ ಲೈನ್ ಇದೆ. ನಾನೂರು ಕನೆಕ್ಷನ್. ಸಿಗ್ನಲ್ ಬರುವುದು ಹುಬ್ಬಳ್ಳಿಯ ಕಂಟ್ರೋಲ್ ರೂಮಿನಿಂದ. ಮೊದಲೆಲ್ಲ ಕಂಬ ಹತ್ತುವುದು, ಆಂಪ್ಲಿಫೈಯರ್ ಬದಲಿಸುವುದು, ತಿಂಗಳಿಗೊಮ್ಮೆ ರೊಕ್ಕ ಎತ್ತುವುದು, ಇಷ್ಟೇ ಕೆಲಸ. ಕೊಡದವರ ವೈರ್ ಕಿತ್ತರೆ ಮುಗೀತು. ಸೆಟ್ ಟಾಪ್ ಬಾಕ್ಸ್ ಬಂದ ಮೇಲೆ ಯಾವ ಮನೆಗೆ ಯಾವ ಚಾನಲ್ ಅನ್ನುವುದು ಕಂಪ್ಯೂಟರಿನ ಫೈಲಿಗೆ ಹೋಯಿತು. ಕಂಬ ಹತ್ತುವುದೇ ಸುಲಭ ಇತ್ತು ಅಂತ ಈಗಲೂ ಅನಿಸುತ್ತದೆ.

2019ರ ಫೆಬ್ರವರಿ 1ರಿಂದ ಟಿವಿ-ಫೋನ್ ಸೇವೆಗಳ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ಪದ್ಧತಿ ಬಂತಲ್ಲ, ಆಗ ನಡೆದದ್ದು ಇದು. ಆಗ ನೂರು ಚಾನಲ್‌ವರೆಗೆ 130 ರೂಪಾಯಿ, 18% ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಪೇ ಚಾನಲ್ ಬೇಕಾದರೆ ಅದರ ದುಡ್ಡು ಬೇರೆ. ಅಲ್ಲಿಯವರೆಗೆ ಎರಡು-ಮೂರು ಪ್ಯಾಕ್‌ನಲ್ಲಿ ಇಡೀ ಓಣಿ ಮುಗಿಯುತ್ತಿತ್ತು. ಈಗ ಮನೆಗೊಂದು ಪಟ್ಟಿ. ಫಾರ್ಮ್ ಹಂಚಿ, ಟಿಕ್ ಹಾಕಿಸಿ ತಂದೆ. ಹುಬ್ಬಳ್ಳಿಯವರ ವೆಬ್‌ಸೈಟ್, ಅಂದರೆ ಪೋರ್ಟಲ್‌ನಲ್ಲಿ ಒಂದೊಂದೇ ಬಾಕ್ಸ್ ತೆರೆದು ಹಾಕುತ್ತಾ ಕುಂತರೆ ವಾರ ಸಾಲದು. ಅದಕ್ಕೇ ಬಲ್ಕ್ ಅಪ್‌ಲೋಡ್ ಅಂತ ಒಂದು ದಾರಿ ಇದೆ. ಒಂದು ಸಿಎಸ್‌ವಿ ಫೈಲ್, ಅಂದರೆ ಅಲ್ಪವಿರಾಮ ಹಾಕಿ ಕಾಲಮ್ ಬೇರ್ಪಡಿಸಿದ ಪಟ್ಟಿ. ಅದರಲ್ಲಿ ಬಾಕ್ಸಿನ ಕಾರ್ಡ್ ನಂಬರ್, ಪ್ಯಾಕ್ ಕೋಡ್, ಸೇರಿಸಬೇಕೋ ತೆಗೆಯಬೇಕೋ, ಯಾವ ತಾರೀಖಿನಿಂದ. ನಾಲ್ಕೇ ಕಾಲಮ್.

ಮೊದಲ ಕಂತಿನಲ್ಲಿ ಅರವತ್ತು ಮನೆ. ಹಳೇ ಪ್ಯಾಕ್ ತೆಗೆಯುವ ಫೈಲನ್ನು ಪೋರ್ಟಲೇ ಕೊಡುತ್ತಿತ್ತು. ಅದು ಸರಿಯಾಗಿ ಹೋಯಿತು. ಹೊಸದನ್ನು ಸೇರಿಸುವ ಫೈಲ್ ನಾನು ಎಕ್ಸೆಲ್‌ನಲ್ಲಿ ಮಾಡಿದೆ. ಕಾರ್ಡ್ ನಂಬರ್ ಇರುವ ಪ್ರತಿ ಚೌಕದ ಮೂಲೆಯಲ್ಲೂ ಒಂದು ಪುಟ್ಟ ಹಸಿರು ತ್ರಿಕೋನ ಕಾಣುತ್ತಿತ್ತು. ತಪ್ಪಿರಬೇಕು ಅಂದುಕೊಂಡು ಎಲ್ಲವನ್ನೂ ಆರಿಸಿ ‘ಕನ್ವರ್ಟ್ ಟು ನಂಬರ್’ ಒತ್ತಿದೆ. ನಂಬರೆಲ್ಲ 8.00E+15 ಅಂತಾಯಿತು. ಇದೇನಪ್ಪಾ ಅಂತ ಫಾರ್ಮ್ಯಾಟ್ ಬದಲಿಸಿದಾಗ ಮತ್ತೆ ಹದಿನಾರು ಅಂಕಿ ಬಂದವು. ಸಮಾಧಾನ ಆಯಿತು. ಅಪ್‌ಲೋಡ್ ಮಾಡಿ ಊಟಕ್ಕೆ ಹೋದೆ.

ಕೈ ತೊಳೆಯುವಷ್ಟರಲ್ಲಿ ಫೋನು ಶುರು. ಧಾರಾವಾಹಿ ಹೊತ್ತು ಬೇರೆ. ಹತ್ತರಲ್ಲಿ ಒಂಬತ್ತು ಮನೆ ಕತ್ತಲು. ಅದರ ನಡುವೆ ಮಗ್ಗದ ಮನೆಯ ಅಜ್ಜಿಯೊಬ್ಬರದ್ದು ಬೇರೆಯೇ ತಕರಾರು. ‘ತಮ್ಮಾ, ನಮ್ಮ ಟಿವ್ಯಾಗ ಎಲ್ಲಾ ಬರಾಕತ್ತಾವು. ಇಂಗ್ಲಿಷೂ ಬರಾಕತ್ತೈತಿ, ಕ್ರಿಕೆಟ್ಟೂ ಬರಾಕತ್ತೈತಿ. ರೊಕ್ಕ ಜಾಸ್ತಿ ತಗೋತೀ ಏನ್?’

ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಅಲ್ಲಿನ ಹುಡುಗ ಫೈಲ್ ನೋಡಿ, ‘ಸರ, ನಿಮ್ಮ ಎಲ್ಲಾ ನಂಬರ್ ಸೊನ್ನೇಕ ಮುಗೀತಾವಲ್ರೀ’ ಅಂದ.

ಎಕ್ಸೆಲ್ ಒಂದು ಸಂಖ್ಯೆಯಲ್ಲಿ ಹದಿನೈದು ಅಂಕಿಯನ್ನಷ್ಟೇ ನೆನಪಿಡುತ್ತದೆ. ಹದಿನಾರನೆಯದನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ನನ್ನ ಬಾಕ್ಸ್‌ಗಳು ಒಂದೇ ಡಬ್ಬದಿಂದ ಸಾಲಾಗಿ ಬಂದಿದ್ದವು, ಪ್ರತಿ ಹತ್ತು ಬಾಕ್ಸಿಗೆ ಕೊನೆಯ ಅಂಕಿ ಮಾತ್ರ ಬೇರೆ ಬೇರೆ. ಹತ್ತು ಮನೆಯ ಪ್ಯಾಕ್ ಹೋಗಿ ಸೊನ್ನೆಯಲ್ಲಿ ಮುಗಿಯುವ ಅಜ್ಜಿಯ ಕಾರ್ಡ್ ಮೇಲೆ ಕುಂತಿತ್ತು. ಪೋರ್ಟಲ್‌ನಲ್ಲಿ ಎಲ್ಲ ಸಾಲಿಗೂ ‘ಸಕ್ಸೆಸ್’. ನನ್ನ ವ್ಯಾಲೆಟ್‌ನಿಂದ ದುಡ್ಡೂ ಕಟ್. ಆ ರಾತ್ರಿ ಒಂದೊಂದೇ ಬಾಕ್ಸ್ ಕೈಯಿಂದ ಸರಿ ಮಾಡುವಾಗ ಎರಡು ಗಂಟೆ ಹೊಡೆದಿತ್ತು.

ಆವತ್ತಿನಿಂದ ಸಿಎಸ್‌ವಿ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡುವುದನ್ನೇ ಬಿಟ್ಟೆ. ಹಾಗೆ ತೆರೆದರೆ ಎಕ್ಸೆಲ್ ನಮ್ಮನ್ನು ಕೇಳದೆ ಸಂಖ್ಯೆಯಂತೆ ಕಾಣುವುದನ್ನೆಲ್ಲ ಸಂಖ್ಯೆ ಮಾಡುತ್ತದೆ. ಮೊದಲಿಗೆ ಸೊನ್ನೆ ಇರುವ ಪ್ಯಾಕ್ ಕೋಡ್ 0045 ಇದ್ದರೆ ಬರೀ 45 ಆಗುತ್ತದೆ. ಈಗ ಖಾಲಿ ಶೀಟ್ ತೆರೆದು, ಡೇಟಾ ಮೆನುವಿನಿಂದ ಫೈಲನ್ನು ಒಳಗೆ ತರುತ್ತೇನೆ. ತರುವಾಗಲೇ ಪ್ರತಿ ಕಾಲಮ್‌ಗೂ ಟೆಕ್ಸ್ಟ್ ಅಂತ ಹೇಳುತ್ತೇನೆ. ಕಾರ್ಡ್ ನಂಬರನ್ನು ನಾವೇನು ಕೂಡಿಸುತ್ತೇವಾ, ಕಳೆಯುತ್ತೇವಾ? ನಂಬರ್ ಎಡಕ್ಕೆ ಅಂಟಿಕೊಂಡಿದ್ದರೆ ಟೆಕ್ಸ್ಟ್, ಬಲಕ್ಕೆ ಸರಿದಿದ್ದರೆ ಕೆಟ್ಟಿದೆ ಅಂತ ಲೆಕ್ಕ. ಹಸಿರು ತ್ರಿಕೋನ ಈಗ ನನಗೆ ಶುಭ ಶಕುನ. ಪಕ್ಕದ ಕಾಲಮ್‌ನಲ್ಲಿ ಎಷ್ಟು ಅಕ್ಷರ ಇದೆ ಅಂತ ಎಣಿಸುವ ಲೆನ್ ಸೂತ್ರ ಹಾಕುತ್ತೇನೆ. ಎಲ್ಲಾ ಕಡೆ 16 ಬರಬೇಕು. 17 ಬಂದರೆ ವಾಟ್ಸಾಪ್‌ನಿಂದ ಕಾಪಿ ಮಾಡುವಾಗ ಹಿಂದೆ ಒಂದು ಸ್ಪೇಸ್ ಬಂದಿರುತ್ತದೆ.

ಒಂದೇ ನಂಬರ್ ಎರಡು ಸಲ ಬಂದಿದೆಯಾ ಅಂತ ನೋಡಲು ಕೌಂಟ್‌ಇಫ್ ಹಾಕಿದೆ. ಅದೂ ಮೋಸ ಮಾಡಿತು! ಟೆಕ್ಸ್ಟ್ ಇದ್ದರೂ ಅದನ್ನು ಸಂಖ್ಯೆ ಅಂತಲೇ ಓದಿ, ಹದಿನೈದು ಅಂಕಿ ಹೋಲಿಸಿ, ಹತ್ತೂ ಒಂದೇ ಅಂದಿತು. ಹುಡುಕುವ ನಂಬರಿನ ಕೊನೆಗೆ ಒಂದು ನಕ್ಷತ್ರದ ಗುರುತು ಸೇರಿಸಿದರೆ ಟೆಕ್ಸ್ಟ್ ಅಂತ ಓದುತ್ತದೆ. ಇದು ತಿಳಿಯಲು ಎರಡು ದಿನ ಬೇಕಾಯಿತು.

ತಾರೀಖಿನದ್ದೂ ಇಂಥದೇ ಕಾಟ. 03/04 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಮಾರ್ಚ್ 4. ಅದಕ್ಕೆ ಅದನ್ನೂ ಟೆಕ್ಸ್ಟ್ ಮಾಡಿಯೇ ಇಡುತ್ತೇನೆ. ಹೆಸರು, ವಿಳಾಸ ಈ ಫೈಲಿನಲ್ಲಿ ಇಡುವುದೇ ಇಲ್ಲ. ವಿಳಾಸದಲ್ಲಿ ಒಂದು ಅಲ್ಪವಿರಾಮ ಬಂದರೆ ಮುಂದಿನ ಕಾಲಮ್‌ಗಳೆಲ್ಲ ಒಂದು ಚೌಕ ಸರಿದುಬಿಡಬಹುದು. ನುಡಿ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರಂತೂ ಫಾಂಟ್ ಹೋದ ಕೂಡಲೇ ಗೀಚಿದ ಹಾಗೆ ಕಾಣುತ್ತದೆ. ಅವೆಲ್ಲ ಬೇರೆ ಶೀಟಿನಲ್ಲಿವೆ.

ಸೇವ್ ಮಾಡಿದ ಮೇಲೆ ನೋಟ್‌ಪ್ಯಾಡ್‌ನಲ್ಲಿ ತೆರೆದು ಕಣ್ಣಾಡಿಸುತ್ತೇನೆ. ಎಕ್ಸೆಲ್‌ನಲ್ಲಿ ಕಾಣುವುದು ಬೇರೆ, ಫೈಲಿನಲ್ಲಿ ಇರುವುದು ಬೇರೆ. ಅಂಗಡಿಯ ಬಾಕ್ಸ್ ಒಂದನ್ನೇ ಹಾಕಿ ಮೊದಲು ಎರಡು ಸಾಲಿನ ಫೈಲ್ ಕಳಿಸುತ್ತೇನೆ, ಒಂದು ತೆಗೆಯಲು, ಒಂದು ಸೇರಿಸಲು. ‘ಸಕ್ಸೆಸ್’ ಅಂದರೆ ಕಂಟ್ರೋಲ್ ರೂಮ್ ಒಪ್ಪಿತು ಅಂತಷ್ಟೇ. ಆದೇಶ ಚಾನಲ್‌ಗಳ ಜೊತೆ ಅದೇ ವೈರಿನಲ್ಲಿ ಬರುತ್ತದೆ, ಬಾಕ್ಸ್ ತಿರುಗಿ ಏನೂ ಹೇಳುವುದಿಲ್ಲ. ಬಾಕ್ಸ್ ಆನ್ ಇರಬೇಕು. ಊರಿಗೆ ಹೋದವರು ಬಂದ ಮೇಲೆ ಮತ್ತೊಮ್ಮೆ ರಿಫ್ರೆಶ್ ಕಳಿಸಬೇಕು. ಟಿವಿಯಲ್ಲಿ ಚಾನಲ್ ಕಣ್ಣಾರೆ ಕಂಡ ಮೇಲೇ ಉಳಿದ ಸಾಲುಗಳನ್ನು ಬಿಡುವುದು.

ಅಜ್ಜಿಗೆ ಆ ತಿಂಗಳು ಎಲ್ಲಾ ಚಾನಲ್ ಹಾಗೇ ಬಿಟ್ಟೆ. ಮುಂದಿನ ತಿಂಗಳು ತೆಗೆದಾಗ ಅವರ ಮೊಮ್ಮಗ ಅಂಗಡಿಗೆ ಬಂದು, ‘ಅಣ್ಣಾ, ಕ್ರಿಕೆಟ್ ಯಾಕ ಹೋತು?’ ಅಂತ ಕೇಳಿದ.