1832ರ ಸುಂಕದ ಸಂಘರ್ಷವನ್ನು ಮೂಲ ದಾಖಲೆಗಳಿಂದ ಓದುವ ಬಗೆ

ಒಕ್ಕೂಟ ಸರ್ಕಾರದ ಆಮದು ಸುಂಕವನ್ನು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯವು ತನ್ನ ಗಡಿಯೊಳಗೆ ಅಸಿಂಧುವೆಂದು ಸಾರಿದ ಪ್ರಕರಣವನ್ನು ಅಧ್ಯಕ್ಷ ಜಾಕ್ಸನ್ ಮತ್ತು ಉಪಾಧ್ಯಕ್ಷ ಕಾಲ್‌ಹೂನ್ ಅವರ ವೈಮನಸ್ಯದಿಂದ ಆರಂಭಿಸಬೇಡಿ. ಮೊದಲು ಅಲ್ಲಿನ ಸಂವಿಧಾನದ 1ನೆಯ ವಿಧಿಯ 8 ಮತ್ತು 10ನೆಯ ಸೆಕ್ಷನ್‌ಗಳನ್ನು ಓದಿ. ಸುಂಕ ಹಾಕುವ ಅಧಿಕಾರವನ್ನು ಮೊದಲನೆಯದು ಕಾಂಗ್ರೆಸ್ಸಿಗೆ, ಅಂದರೆ ಒಕ್ಕೂಟದ ಸಂಸತ್ತಿಗೆ, ಕೊಟ್ಟರೆ, ಎರಡನೆಯದು ರಾಜ್ಯಗಳ ಕೈ ಕಟ್ಟುತ್ತದೆ. ಆದ್ದರಿಂದ ಜಗಳವಿದ್ದದ್ದು ಅಧಿಕಾರ ಇದೆಯೇ ಎಂಬುದರ ಮೇಲಲ್ಲ. ಬೊಕ್ಕಸ ತುಂಬಿಸಲು ಕೊಟ್ಟ ಅಧಿಕಾರವನ್ನು ಉತ್ತರದ ಕಾರ್ಖಾನೆಗಳ ರಕ್ಷಣೆಗೆ ಬಳಸಬಹುದೇ, ಅದನ್ನು ತೀರ್ಮಾನಿಸುವವರು ಯಾರು ಎಂಬುದರ ಮೇಲೆ.

ಬಳಿಕ 1828ರ ಸುಂಕ ಕಾಯ್ದೆಗೆ ಬನ್ನಿ. ಬ್ರಿಟನ್ನಿಗೆ ಹತ್ತಿ ಮಾರಿ ಹೊರಗಿನ ಸಿದ್ಧವಸ್ತುಗಳನ್ನು ಕೊಳ್ಳುತ್ತಿದ್ದ ದಕ್ಷಿಣದ ತೋಟಗಾರರಿಗೆ ಅದು ಏಕೆ ಹೊರೆಯೆನಿಸಿತೆಂಬುದನ್ನು ಕಾಲ್‌ಹೂನ್ ಅದೇ ವರ್ಷ ಹೆಸರು ಹಾಕದೆ ಬರೆದ ಪ್ರತಿಭಟನಾ ಪತ್ರವು ವಿವರಿಸುತ್ತದೆ.

ಹೆಚ್ಚಿನ ಸಮಯವನ್ನು 1832ರ ನವೆಂಬರ್ 24ರ ಅಸಿಂಧು ಘೋಷಣೆಗೆ ಮೀಸಲಿಡಿ; ಪೆನ್ಸಿಲ್ ಹಿಡಿದೇ ಓದಿ. 1833ರ ಫೆಬ್ರುವರಿ 1ರ ನಂತರ ಸುಂಕ ವಸೂಲಿ ನಿಷಿದ್ಧ ಎಂಬ ಸಾಲಿಗೆ ಗೆರೆ ಎಳೆಯಿರಿ. ಈ ಘೋಷಣೆಯನ್ನು ಪ್ರಶ್ನಿಸುವ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗಕೂಡದು, ಅದಕ್ಕಾಗಿ ಕಡತದ ನಕಲನ್ನೂ ಕೊಡಕೂಡದು ಎನ್ನುವ ಭಾಗಕ್ಕೆ ಎರಡು ಗೆರೆ ಬೀಳಲಿ. ನನ್ನ ಮಟ್ಟಿಗೆ ಇಡೀ ದಾಖಲೆಯ ಜೀವಾಳ ಅಲ್ಲೇ ಇದೆ, ಏಕೆಂದರೆ ತೀರ್ಪು ಹೇಳಬಲ್ಲ ಮೂರನೆಯವರನ್ನೇ ಅದು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಡಿಸೆಂಬರ್ 10ರ ಜಾಕ್ಸನ್ ಪ್ರಕಟಣೆಯನ್ನು ಪಕ್ಕದಲ್ಲಿಟ್ಟುಕೊಂಡು ವಾದಕ್ಕೆ ವಾದ ಹೋಲಿಸಿ. ಘೋಷಣೆಯ ಹಿಂದಿನ ವಾದವು ಸಂವಿಧಾನವನ್ನು ರಾಜ್ಯಗಳ ನಡುವಿನ ಒಪ್ಪಂದವೆನ್ನುತ್ತದೆ. ಜಾಕ್ಸನ್ ಪ್ರಕಟಣೆಯು ಒಕ್ಕೂಟವನ್ನು ಸಮಸ್ತ ಜನರ ಸರ್ಕಾರವೆನ್ನುತ್ತದೆ, ಶಸ್ತ್ರಬಲದಿಂದ ಅದನ್ನು ಒಡೆಯುವುದು ರಾಜದ್ರೋಹವೆಂದು ಎಚ್ಚರಿಸುತ್ತದೆ.

ಗುಲಾಮಗಿರಿಯನ್ನು ಬದಿಗಿಟ್ಟು ಇದನ್ನು ಬರೀ ತೆರಿಗೆಯ ಕಥೆಯಾಗಿ ಓದುವುದು ದೊಡ್ಡ ತಪ್ಪು. ಸುಂಕವು ನೆಪ ಮಾತ್ರ, ಮೂಲ ಕಾರಣ ದಕ್ಷಿಣದ ಆ ವಿಶಿಷ್ಟ ವ್ಯವಸ್ಥೆ (ಅಂದರೆ ಗುಲಾಮಗಿರಿ) ಎಂಬರ್ಥದ ಮಾತನ್ನು ಸ್ವತಃ ಕಾಲ್‌ಹೂನ್ 1830ರ ಖಾಸಗಿ ಪತ್ರವೊಂದರಲ್ಲಿ ಬರೆದಿದ್ದಾರೆ.

ಕೊನೆಗೆ 1833ರ ಮಾರ್ಚ್ 2ರ ಎರಡು ಕಾಯ್ದೆಗಳನ್ನು ಒಟ್ಟಿಗೆ ಓದಿ: ಒಂದು ಸುಂಕ ವಸೂಲಿಗೆ ಸೈನ್ಯ ಬಳಸುವ ಅಧಿಕಾರ ಕೊಟ್ಟಿತು, ಸೆನೆಟರ್ ಹೆನ್ರಿ ಕ್ಲೇ ರೂಪಿಸಿದ ಇನ್ನೊಂದು, 1842ರ ಹೊತ್ತಿಗೆ ಸುಂಕವನ್ನು ಹಂತಹಂತವಾಗಿ ಶೇ. 20ಕ್ಕೆ ಇಳಿಸುವುದಾಗಿ ಹೇಳಿತು. ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಅಸಿಂಧು ಘೋಷಣೆ ಹೊರಡಿಸಿದ್ದ ರಾಜ್ಯದ ಸಮಾವೇಶವು ಅದೇ ತಿಂಗಳು ರಾಜಧಾನಿ ಕೊಲಂಬಿಯಾದಲ್ಲಿ ಮತ್ತೆ ಸೇರಿ ಸುಂಕದ ವಿರುದ್ಧದ ಘೋಷಣೆಯನ್ನು ಹಿಂತೆಗೆದುಕೊಂಡಿತು, ಆದರೆ ಸೈನ್ಯಬಲದ ಕಾಯ್ದೆಯನ್ನು ಅಸಿಂಧುವೆಂದು ಸಾರಿಯೇ ಚದುರಿತು.