ಬಾಡಿಗೆ ಮನೆಗೆ ಬೂಷ್ಟು ಬಂತಾ? ಮೊದಲು ನೀರಿನ ದಾರಿ ಹುಡುಕಿ

ಕಕ್ಕಡ, ಅಂದರೆ ಮಳೆ ಜೋರಾಗಿರುವ ಕೊಡವ ತಿಂಗಳು ಬಂತೆಂದರೆ ಮಡಿಕೇರಿಯಲ್ಲಿ ಬೀರು ತೆರೆಯಲು ಸ್ವಲ್ಪ ಧೈರ್ಯ ಬೇಕು. ಬೆಲ್ಟು ಹಸಿರಾಗಿರುತ್ತದೆ, ಮದುವೆಗೆಂದು ಎತ್ತಿಟ್ಟ ಕುಪ್ಯದ (ಕೊಡವರ ಉದ್ದನೆಯ ಕೋಟು) ಮೇಲೆ ಬಿಳಿ ಚುಕ್ಕೆ, ಬೀರು ಸರಿಸಿದರೆ ಹಿಂದಿನ ಗೋಡೆಯೆಲ್ಲ ಕಪ್ಪು. ಇಲ್ಲಿ ಬಾಡಿಗೆಗೆ ಬಂದ ಮೊದಲ ಮಳೆಗಾಲದಲ್ಲಿ ನಾನು ಅದರ ಮೇಲೆಯೇ ಬಣ್ಣ ಬಳಿಸಿದೆ. ಮೂರೇ ವಾರ. ಬಣ್ಣ ಹಪ್ಪಳದಂತೆ ಎದ್ದು ಬಂತು.

ಬೂಷ್ಟಿನ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಅವುಗಳನ್ನು ಓಡಿಸಲು ಆಗುವುದಿಲ್ಲ, ಅವಕ್ಕೆ ತೇವ ಸಿಗದಂತೆ ಮಾಡಬಹುದು ಅಷ್ಟೇ. ಹಾಗಾಗಿ ಬ್ರಷ್ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಖರ್ಚು ಯಾರದು ಎಂಬ ಜಗಳಕ್ಕೂ ಉತ್ತರ ಅಲ್ಲೇ ಇದೆ.

ಫಾಯಿಲ್ ಅಂಟಿಸಿ

ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಒಂದು ಅಡಿ ತೆಗೆದುಕೊಳ್ಳಿ. ಗೋಡೆ ಒರೆಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ 2 ದಿನ ಬಿಡಿ. ಕೋಣೆಯ ಕಡೆ ಹನಿ ಕೂತಿದ್ದರೆ ಅದು ಮನೆಯೊಳಗಿನ ಹಬೆ. ಗೋಡೆಯ ಕಡೆ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಜಾಗವೂ ಸುಳಿವು ಕೊಡುತ್ತದೆ. ಸೂರಿನ ಹತ್ತಿರ ಕಲೆ ಇದ್ದರೆ ಹೆಂಚನ್ನೋ ತಾರಸಿಯನ್ನೋ ನೋಡಿಸಿ. ಮೊಣಕಾಲೆತ್ತರದವರೆಗೆ ಮಾತ್ರ ಇದ್ದರೆ ನೆಲದ ತೇವ. ಪಡುವಣ ಗೋಡೆಯಾದರೆ ಮಳೆಗಾಳಿಯ ಹೊಡೆತವನ್ನೇ ಮೊದಲು ಅನುಮಾನಿಸಿ. ಬಿಳಿ ಪುಡಿ ಕಂಡರೆ ಒಂದು ಹನಿ ನೀರು ಹಾಕಿ. ಕರಗಿದರೆ ಅದು ಬೂಷ್ಟಲ್ಲ, ಗೋಡೆಯ ಉಪ್ಪು.

ತೊಳೆಯುವಾಗ

ಎನ್95 ಮಾಸ್ಕ್, ಕೈಗವಸು ಹಾಕಿ. ಕಿಟಕಿ ತೆರೆದು, ಬೇರೆ ಕೋಣೆಗಳ ಬಾಗಿಲು ಮುಚ್ಚಿ. ಒಣಗಿದ್ದನ್ನು ಕೆರೆಯಬೇಡಿ, ಮನೆತುಂಬಾ ಹಾರುತ್ತದೆ. ಪಾತ್ರೆ ಸೋಪಿನ ನೀರಲ್ಲಿ ನೆನೆಸಿ, ಉಜ್ಜಿ, ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಕ್ಲೀನರ್ ಅಥವಾ ವಿನೆಗರ್ ಯಾವತ್ತೂ ಬೆರೆಸಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಬೂಷ್ಟು 3 ಅಡಿ ಉದ್ದ, 3 ಅಡಿ ಅಗಲಕ್ಕಿಂತ ಜಾಸ್ತಿ ಹರಡಿದ್ದರೆ ಕೆಲಸದವರನ್ನು ಕರೆಸುವುದೇ ಸರಿ. ಅಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ನೆನೆದು ಬೂಷ್ಟು ಹಿಡಿದ ಹಾಸಿಗೆಯ ಆಸೆ ಬಿಡಿ.

ಹಬೆಯಾದರೆ ನಿಮ್ಮ ಕೆಲಸ

ನಮ್ಮಲ್ಲಿ ದೊಡ್ಡ ಕಳ್ಳ ಒದ್ದೆ ಬಟ್ಟೆ. ಜುಲೈಯಲ್ಲಿ ಹೊರಗೆ ಒಣಗುವುದಿಲ್ಲ, ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟುತ್ತೇವೆ, ಅಲ್ವಾ? ಆ ನೀರೆಲ್ಲ ಗೋಡೆ ಸೇರುತ್ತದೆ. ಬಟ್ಟೆಗೆ ಒಂದೇ ಕೋಣೆ ಇಟ್ಟು, ಬಾಗಿಲು ಮುಚ್ಚಿ, ಫ್ಯಾನ್ ಹಾಕಿ. ಕೈಗೆಟುಕಿದರೆ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯೂಮಿಡಿಫೈಯರ್ ಇಡಿ. ತೇವಾಂಶ 60 ಶೇಕಡಕ್ಕಿಂತ ಕೆಳಗೆ ಬಂದರೆ ಬೂಷ್ಟಿನ ಆಟ ನಿಲ್ಲುತ್ತದೆ. ಬಟ್ಟೆ ಒಣಗಲೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಮಾತ್ರ ಇಡಬೇಡಿ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಮಳೆ ಸುರಿಯುವಾಗ ಕಿಟಕಿ ತೆರೆದರೆ ಲಾಭ ಕಡಿಮೆ. ಹೊಳವಾದಾಗ ತೆರೆಯಿರಿ.

ಗೋಡೆ ಸೋರಿದರೆ ಓನರ್ ಕೆಲಸ

ಫಾಯಿಲ್‌ನ ಫೋಟೊ ತೆಗೆದು, ದಿನಾಂಕ ಹಾಕಿ ವಾಟ್ಸ್‌ಆ್ಯಪ್ ಮಾಡಿ. ಬಾಯಿಮಾತು ಮಳೆಯ ಜೊತೆ ಹರಿದುಹೋಗುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಒಂದು ದಾರಿ ಇದೆ. ಓನರ್ ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ 'ಮಾಡಲೇಬೇಕಾದ' ಎಂಬ ಮಾತಿನಲ್ಲೇ ತಕರಾರು ಏಳುವುದು. ಹಾಗಾಗಿ ಅಗ್ರಿಮೆಂಟಿನಲ್ಲಿ ಸೋರಿಕೆ ರಿಪೇರಿ ಯಾರದು ಎಂದು ಬರೆಸಿಕೊಳ್ಳಿ. ಹೊಸ ಮನೆಯನ್ನೂ ಸಾಧ್ಯವಾದರೆ ಜುಲೈಯಲ್ಲೇ ನೋಡಿ. ಫೆಬ್ರುವರಿಯಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ!

ಹೊರಗೋಡೆಯ ಕೆಲಸ ಮಳೆಯಲ್ಲಿ ಆಗುವುದಿಲ್ಲ. ಈಗ ಒಪ್ಪಿಸಿಟ್ಟು, ಗೋಡೆ ಚೆನ್ನಾಗಿ ಒಣಗಿದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮುಂಚೆ ಮಾಡಿಸಿ. ಅದು ಕಾಫಿ ಕುಯ್ಲಿನ ಸಮಯ, ಆಳು ಸಿಗುವುದು ಕಷ್ಟ. ಗಾರೆಯವರಿಗೆ ಇವತ್ತೇ ಹೇಳಿಡಿ.